ಮಿನಿಮ್ಯಾಪ್ ಆಫ್ ಮಾಡುವ ಮೊದಲು ಗೇಮ್ ತಡವರಿಸುವುದನ್ನು ನಿಲ್ಲಿಸಿ

ಪ್ರಶ್ನೆ: ನನ್ನ ಹತ್ತಿರ ಜಿಟಿಎಕ್ಸ್ 1650 ಇರುವ ಲ್ಯಾಪ್‌ಟಾಪ್ ಇದೆ. 4 ಜಿಬಿ ಗ್ರಾಫಿಕ್ಸ್ ಮೆಮೊರಿ, 8 ಜಿಬಿ ರ‍್ಯಾಮ್, 144 ಹರ್ಟ್ಜ್ ಪರದೆ. ಎಲ್ಲರೂ ಹೊಗಳುತ್ತಾರೆ ಅಂತ ವಿಚರ್ 3 ಶುರು ಮಾಡಿದೆ. ಮೂವತ್ತು ಗಂಟೆ ಆಡಿದ್ದೇನೆ. ಮೂಲೆಯ ಮಿನಿಮ್ಯಾಪಿನಲ್ಲಿರುವ ಚುಕ್ಕೆ ಗೆರೆ ನೋಡಿಕೊಂಡು ಕುದುರೆ ಓಡಿಸಿದ್ದು ಬಿಟ್ಟರೆ ಊರು, ಕಾಡು ಯಾವುದೂ ನೆನಪಿಲ್ಲ. ಆಫ್ ಮಾಡಿದರೆ ಹತ್ತೇ ನಿಮಿಷಕ್ಕೆ ದಾರಿ ತಪ್ಪುತ್ತೇನೆ. ನೋವಿಗ್ರಾಡ್ ಪಟ್ಟಣದೊಳಗೆ ಹೋದರೆ ಗೇಮ್ ಲ್ಯಾಗ್ ಹೊಡೆಯುತ್ತದೆ, ಹಾಗಾಗಿ ಎಲ್ಲಾ ಕಡೆ ಫಾಸ್ಟ್ ಟ್ರಾವೆಲ್ ಮಾಡುತ್ತಿದ್ದೇನೆ. ಹೀಗೆ ಎಲ್ಲಿ ಬೇಕಾದರೂ ಅಲೆಯಬಹುದಾದ ಓಪನ್ ವರ್ಲ್ಡ್ ಗೇಮುಗಳು ನನ್ನಂಥವರಿಗೆ ಅಲ್ವೇನೋ ಅನ್ನಿಸುತ್ತಿದೆ. ನಿಮ್ಮ ಅಭಿಪ್ರಾಯ?

ಉತ್ತರ:

ನಿಮ್ಮಂಥವರಿಗೇ ಇರುವುದು. ಮೂವತ್ತು ಗಂಟೆ ಆಡಿದ ಮೇಲೆ ಊರು ನೆನಪಿಲ್ಲ ಅಂತ ಬೇಸರ ಪಡುವವರು, ಊರನ್ನು ನೋಡಬೇಕು ಅಂತ ಬಂದವರು. ಆಸಕ್ತಿ ಇಲ್ಲದವರಿಗೆ ಈ ಬೇಸರ ಬರುವುದೇ ಇಲ್ಲ.

ನೀವು ಎರಡು ತೊಂದರೆ ಬರೆದಿದ್ದೀರಿ, ಒಂದು ಮಿನಿಮ್ಯಾಪು, ಅಂದರೆ ಪರದೆಯ ಮೂಲೆಯ ಪುಟ್ಟ ನಕ್ಷೆ, ಇನ್ನೊಂದು ಲ್ಯಾಗು, ಅಂದರೆ ಗೇಮ್ ತಡವರಿಸುವುದು. ನನಗೆ ಅವು ಬೇರೆ ಬೇರೆಯಾಗಿ ಕಾಣುತ್ತಿಲ್ಲ. ನಿಮ್ಮ ಕೊನೆಯ ಸಾಲುಗಳನ್ನೇ ಮತ್ತೆ ಓದಿ. ಗೇಮ್ ತಡವರಿಸುತ್ತದೆ ಅಂತ ಫಾಸ್ಟ್ ಟ್ರಾವೆಲ್ ಮಾಡುತ್ತೀರಿ, ಅಂದರೆ ನಡುವಿನ ದಾರಿ ಬಿಟ್ಟು ನೇರ ಆ ಜಾಗಕ್ಕೇ ಹಾರುತ್ತೀರಿ. ಹಾಗೆ ಹಾರಿ ಹಾರಿ ಹೋದದ್ದರಿಂದ ಒಂದೂರಿಗೂ ಇನ್ನೊಂದೂರಿಗೂ ನಡುವೆ ಏನಿದೆ ಅಂತ ತಲೆಯಲ್ಲಿ ಕೂರಲಿಲ್ಲ. ಕೂರದೇ ಇದ್ದದ್ದರಿಂದ ಮಿನಿಮ್ಯಾಪ್ ಆಫ್ ಮಾಡಿದ ಕೂಡಲೇ ದಾರಿ ತಪ್ಪುತ್ತದೆ. ತಪ್ಪಿದ ಕೂಡಲೇ ಮತ್ತೆ ಆನ್ ಮಾಡುತ್ತೀರಿ. ಇಡೀ ಗಂಟು ಲ್ಯಾಗಿನಿಂದ ಶುರುವಾಗಿದೆ. ಅದಕ್ಕೇ ಮೊದಲು ಅದನ್ನು ಬಿಚ್ಚೋಣ. "ಮಿನಿಮ್ಯಾಪ್ ಆಫ್ ಮಾಡಿ, ಆಗ ಮಜಾ ಬರುತ್ತೆ" ಅಂತ ಸಲಹೆ ಕೊಡುವವರು ಬಹಳ ಜನ ಇದ್ದಾರೆ. ತಡವರಿಸುವ ಗೇಮಿನಲ್ಲಿ ಆ ಸಲಹೆ ಕೆಲಸ ಮಾಡುವುದನ್ನು ನಾನಂತೂ ನೋಡಿಲ್ಲ. ಹನ್ನೆರಡು ವರ್ಷದಿಂದ ಗೇಮ್ ಟೆಸ್ಟಿಂಗ್ ಕೆಲಸ ಮಾಡುತ್ತಿದ್ದೇನೆ, ಅದರಲ್ಲಿ ಹೆಚ್ಚಿನ ಸಮಯ ಹೋದದ್ದು ಇಂಥ ತಡವರಿಕೆ ಎಲ್ಲಿಂದ ಬರುತ್ತಿದೆ ಅಂತ ಹುಡುಕುವುದರಲ್ಲೇ.

ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದೊಂದು ಚಿತ್ರಕ್ಕೆ ಸುಮಾರು 16.7 ಮಿಲಿಸೆಕೆಂಡ್ ಸಮಯ. 30 ಫ್ರೇಮ್ ಅಂದರೆ 33.3. ಕಣ್ಣು ಈ ಎರಡಕ್ಕೂ ಒಗ್ಗಿಕೊಳ್ಳುತ್ತದೆ. ಒಗ್ಗದೇ ಇರುವುದು ಯಾವುದಕ್ಕೆ ಅಂದರೆ, 16, 16, 17, ಆಮೇಲೆ ಇದ್ದಕ್ಕಿದ್ದಂತೆ 120, ಮತ್ತೆ 16. ಸೆಕೆಂಡಿಗೆ ಇಂಥದ್ದು ಒಂದೇ ಬಂದರೆ ಸರಾಸರಿ ಸುಮಾರು 54 ಫ್ರೇಮ್ ಅಂತ ಚೆಂದದ ಸಂಖ್ಯೆ ಬರುತ್ತದೆ. ಆದರೆ ಆ ಒಂದು 120ರ ಹೊತ್ತಿಗೆ ನೀವು ಕಾಡಿನಿಂದ ಹೊರಗೆ ಬಂದು, ಲ್ಯಾಪ್‌ಟಾಪ್ ಮುಂದೆ ಕೂತವರಾಗಿಬಿಟ್ಟಿರುತ್ತೀರಿ. 2017ರ ಬ್ರೆತ್ ಆಫ್ ದ ವೈಲ್ಡ್ ಎಂಬ ಗೇಮ್ ನಿಂಟೆಂಡೊದ ಸ್ವಿಚ್ ಯಂತ್ರದಲ್ಲಿ ಓಡುತ್ತಿದ್ದುದು 30 ಫ್ರೇಮಿನಲ್ಲಿ. ಕೊರೊಕ್ ಫಾರೆಸ್ಟ್ ಎಂಬ ಜಾಗಕ್ಕೆ ಹೋದರೆ ಅದೂ ಇಳಿಯುತ್ತಿತ್ತು. ಆದರೂ ಆ ಜಗತ್ತಿನಲ್ಲಿ ನೂರಾರು ಗಂಟೆ ಅಲೆದವರಿದ್ದಾರೆ, ಯಾಕೆಂದರೆ ಬಹುಪಾಲು ಜಾಗಗಳಲ್ಲಿ ಆ 30 ಒಂದೇ ಸಮನೆ ಇತ್ತು. ಜಾಸ್ತಿ ಫ್ರೇಮ್ ಬೇಕು ಅಂತ ಒದ್ದಾಡಬೇಡಿ, ಸಮನಾದ ಫ್ರೇಮ್ ಕೇಳಿ.

ಈಗ ನಿಮ್ಮದು ಯಾವ ಬಗೆಯ ತಡವರಿಕೆ ಅಂತ ಕಂಡುಹಿಡಿಯಬೇಕು. ಇದಕ್ಕೆ ಸಾಫ್ಟ್‌ವೇರ್ ಏನೂ ಬೇಡ, ಒಂದೇ ದಾರಿಯಲ್ಲಿ ಎರಡು ಸಲ ಓಡಾಡಿದರೆ ಸಾಕು. ಮೊದಲ ಸಲ ತಡವರಿಸಿ ಎರಡನೇ ಸಲ ಸಲೀಸಾಗಿ ಹೋದರೆ ಅದು ಹೆಚ್ಚಾಗಿ ಶೇಡರ್ ಸಮಸ್ಯೆ. ಬೆಂಕಿ, ನೀರು, ಹೊಗೆ ಇಂಥದ್ದನ್ನು ಹೇಗೆ ಬಿಡಿಸಬೇಕು ಅಂತ ಗ್ರಾಫಿಕ್ಸ್ ಕಾರ್ಡಿಗೆ ಹೇಳುವ ಪುಟ್ಟ ಪುಟ್ಟ ಪ್ರೋಗ್ರಾಮುಗಳೇ ಶೇಡರುಗಳು. ಪಿಸಿಗಳಲ್ಲಿ ಒಬ್ಬೊಬ್ಬರ ಕಾರ್ಡು ಒಂದೊಂದು ಬಗೆ, ಹಾಗಾಗಿ ಅವು ನಿಮ್ಮ ಮೆಷಿನ್ನಿನಲ್ಲೇ ತಯಾರಾಗಬೇಕು. ಆಟದ ನಡುವೆ ತಯಾರಾದರೆ ಆ ಕ್ಷಣಕ್ಕೆ ಆಟ ನಿಲ್ಲುತ್ತದೆ. 2022ರಲ್ಲಿ ಎಲ್ಡನ್ ರಿಂಗ್ ಬಂದಾಗ ಪಿಸಿಯವರು ಇದೇ ತಡವರಿಕೆಯ ಬಗ್ಗೆ ದೂರಿದರು. ಅದೇ ಗೇಮನ್ನು ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿದು ಆಡುವ ಪಿಸಿಯಲ್ಲಿ ಆಡಿದವರಿಗೆ ತೊಂದರೆ ಕಡಿಮೆ ಇತ್ತು. ಡೆಕ್‌ಗಳೆಲ್ಲಾ ಒಂದೇ ಬಗೆಯ ಚಿಪ್ಪಿನವು, ಹಾಗಾಗಿ ಶೇಡರುಗಳನ್ನು ಮೊದಲೇ ತಯಾರು ಮಾಡಿ ಕಳಿಸಲು ಆಗುತ್ತದೆ. ಈ ಬಗೆಯ ತಡವರಿಕೆಗೆ ನೀವು ಮಾಡಬೇಕಾದದ್ದು ಇಷ್ಟೇ: ಡಿಸ್ಕ್ ಕ್ಲೀನ್ ಮಾಡುವ ನೆಪದಲ್ಲಿ ಶೇಡರ್ ಕ್ಯಾಶ್, ಅಂದರೆ ಆಗಲೇ ತಯಾರಾಗಿ ಕೂತಿರುವ ಶೇಡರುಗಳ ಸಂಗ್ರಹ, ಅಳಿಸಬೇಡಿ, ಡ್ರೈವರ್ ಅಪ್‌ಡೇಟ್ ಮಾಡಿದ ದಿನ ಮೊದಲ ಅರ್ಧ ಗಂಟೆ ತಾಳ್ಮೆ ಇಟ್ಟುಕೊಳ್ಳಿ.

ಎಷ್ಟು ಸಲ ಹೋದರೂ ಅದೇ ಸೇತುವೆ, ಅದೇ ಊರಬಾಗಿಲಲ್ಲಿ ತಡವರಿಸಿದರೆ ಅದು ಬೇರೆ ಕತೆ. ಓಪನ್ ವರ್ಲ್ಡ್ ಪೂರ್ತಿ ಮೆಮೊರಿಯಲ್ಲಿ ಹಿಡಿಸುವುದಿಲ್ಲ. ನೀವು ಮುಂದೆ ಹೋದಂತೆ ಮುಂದಿನ ತುಂಡನ್ನು ಡಿಸ್ಕಿನಿಂದ ಎಳೆದುಕೊಳ್ಳುತ್ತದೆ, ಹಿಂದಿನದನ್ನು ಬಿಡುತ್ತದೆ. ನೀವು ಎಷ್ಟು ಬೇಗ ಓಡುತ್ತೀರೋ ಅಷ್ಟು ಬೇಗ ಡಿಸ್ಕೂ ಕೊಡಬೇಕು. 2018ರ ಸ್ಪೈಡರ್‌ಮ್ಯಾನ್‌ನಲ್ಲಿ ಅವನು ಜೋತಾಡುವ ವೇಗಕ್ಕೇ ಹಾರ್ಡ್ ಡಿಸ್ಕಿನ ವೇಗ ಮಿತಿ ಹಾಕಿತ್ತು. ಸೋನಿಯ ಗೇಮ್ ಯಂತ್ರ ಪಿಎಸ್ 5 ರೂಪಿಸಿದ ಮಾರ್ಕ್ ಸರ್ನಿ 2019ರಲ್ಲಿ ಹೊಸ ಯಂತ್ರ ತೋರಿಸಲು ಆರಿಸಿಕೊಂಡದ್ದೂ ಇದೇ ಗೇಮು. ಹಳೆಯ ಪಿಎಸ್ 4 ಪ್ರೊನಲ್ಲಿ 15 ಸೆಕೆಂಡ್ ಹಿಡಿದ ಫಾಸ್ಟ್ ಟ್ರಾವೆಲ್ ಹೊಸ ಯಂತ್ರದ ಎಸ್‌ಎಸ್‌ಡಿಯಲ್ಲಿ, ಅಂದರೆ ಹಾರ್ಡ್ ಡಿಸ್ಕಿಗಿಂತ ಬಹಳ ವೇಗದ ಡಿಸ್ಕಿನಲ್ಲಿ, 0.8 ಸೆಕೆಂಡಿಗೆ ಮುಗಿಯಿತು. ನಿಮ್ಮ ಗೇಮ್ ಹಾರ್ಡ್ ಡಿಸ್ಕಿನಲ್ಲಿದ್ದರೆ ಇವತ್ತೇ ಎಸ್‌ಎಸ್‌ಡಿಗೆ ಹಾಕಿ, ಬೇರೆ ಮಾತೇ ಇಲ್ಲ.

ಮುಕ್ಕಾಲು ಗಂಟೆ ಚೆನ್ನಾಗಿದ್ದು ಆಮೇಲೆ ಹದಗೆಟ್ಟರೆ ಬಿಸಿ ಅಥವಾ ಮೆಮೊರಿ. ಜನಜಂಗುಳಿಯಲ್ಲಿ ಮಾತ್ರ ಆದರೆ ಪ್ರೊಸೆಸರ್.

ನಿಮ್ಮದರಲ್ಲಿ ನನಗೆ ಜಾಸ್ತಿ ಅನುಮಾನ ಇರುವುದು ಎರಡರ ಮೇಲೆ. ಒಂದು, 8 ಜಿಬಿ ರ‍್ಯಾಮ್. ಅದು ಬಹುಶಃ ಒಂದೇ ಪಟ್ಟಿಯಲ್ಲಿ, ಅಂದರೆ ಒಂದೇ ಸ್ಟಿಕ್‌ನಲ್ಲಿ, ಇರುತ್ತದೆ. ಖಾಲಿ ಸ್ಲಾಟ್ ಇದ್ದರೆ ಇನ್ನೊಂದು 8 ಜಿಬಿ ಪಟ್ಟಿ ಹಾಕಿಸಿ. ಮೆಮೊರಿ ಎರಡು ಪಟ್ಟಾಗುವುದಷ್ಟೇ ಅಲ್ಲ, ಎರಡು ಪಟ್ಟಿ ಇದ್ದಾಗ ಪ್ರೊಸೆಸರ್ ಎರಡು ದಾರಿಯಿಂದ ಒಟ್ಟಿಗೆ ಓದುತ್ತದೆ. ಇಂಥ ಲ್ಯಾಪ್‌ಟಾಪುಗಳಲ್ಲಿ ಖರ್ಚು ಮಾಡಿದ ದುಡ್ಡಿಗೆ ಇಷ್ಟು ಫಲ ಕೊಡುವ ರಿಪೇರಿ ಇನ್ನೊಂದಿಲ್ಲ.

ಎರಡನೆಯದು ಡೈರೆಕ್ಟ್‌ಎಕ್ಸ್ 12, ಗೇಮ್ ಗ್ರಾಫಿಕ್ಸ್ ಕಾರ್ಡಿನ ಜೊತೆ ಮಾತಾಡಲು ಬಳಸುವ ವಿಂಡೋಸ್ ವ್ಯವಸ್ಥೆಯ ಹೊಸ ರೂಪ. ವಿಚರ್ 3 ಬಂದದ್ದು 2015ರಲ್ಲಿ. 2022ರ ಡಿಸೆಂಬರಿನಲ್ಲಿ ಅದಕ್ಕೆ ದೊಡ್ಡ ಉಚಿತ ಅಪ್‌ಡೇಟ್ ಬಂತು, ಚಿತ್ರ ಚೆಂದವಾಯಿತು, ಆದರೆ ಪಿಸಿಯಲ್ಲಿ ಭಾರವೂ ಆಯಿತು. ಮುಖ್ಯವಾಗಿ ನೋವಿಗ್ರಾಡಿನಂಥ ಜನ ತುಂಬಿದ ಕಡೆ. ಆಮೇಲಿನ ಪ್ಯಾಚುಗಳಲ್ಲಿ, ಅಂದರೆ ದೋಷ ಸರಿಪಡಿಸುವ ಅಪ್‌ಡೇಟುಗಳಲ್ಲಿ, ಸುಧಾರಿಸಿದೆ ನಿಜ. ಆದರೂ ನಿಮ್ಮ ಮೆಷಿನ್ನಿಗೆ ಡೈರೆಕ್ಟ್‌ಎಕ್ಸ್ 11 ಒಳ್ಳೆಯದು. ಗೇಮ್ ತೆರೆಯುವಾಗ ಆಯ್ಕೆ ಕೇಳುತ್ತದೆ, 11 ಒತ್ತಿ. ಹೀಗೆ ಮಾಡಿದರೆ ಕಳೆದುಕೊಳ್ಳುವ ಮುಖ್ಯ ವಿಷಯ ರೇ ಟ್ರೇಸಿಂಗ್, ಅಂದರೆ ಬೆಳಕಿನ ಕಿರಣಗಳನ್ನು ಲೆಕ್ಕ ಹಾಕಿ ನೆರಳು, ಪ್ರತಿಬಿಂಬ ಬಿಡಿಸುವುದು, ಅದು 1650ರಲ್ಲಿ ಹೇಗೂ ಆಗುವುದಿಲ್ಲ. ಹಿನ್ನೆಲೆಯ ಜನರ ಸಂಖ್ಯೆ ಅಂತ ಒಂದು ಸೆಟ್ಟಿಂಗ್ ಇದೆ, ಅದನ್ನು ಲೋಗೆ ಇಳಿಸಿ. ಕೂದಲನ್ನು ಚೆಂದವಾಗಿ ಬಿಡಿಸುವ ಹೇರ್‌ವರ್ಕ್ಸ್ ಆಫ್. ಟೆಕ್ಸ್ಚರ್, ಅಂದರೆ ಗೋಡೆ, ನೆಲಗಳ ಮೇಲೆ ಹೊದಿಸುವ ಚಿತ್ರಗಳ ಗುಣಮಟ್ಟ, ಒಂದು ಹಂತ ಇಳಿಸಿ, ಯಾಕೆಂದರೆ 4 ಜಿಬಿ ತುಂಬಿ ಹೊರಗೆ ಚೆಲ್ಲಿದ ಕೂಡಲೇ ಕಾರ್ಡು ನಿಧಾನದ ರ‍್ಯಾಮಿಗೆ ಕೈಚಾಚುತ್ತದೆ, ಅಲ್ಲಿಯೇ ಒಂದೊಂದು ಏಟು ಬೀಳುವುದು. ಆಮೇಲೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಫ್ರೇಮ್ ಮಿತಿಯನ್ನು 48ಕ್ಕೆ ಇಡಿ. ಯಾಕೆ 48? ನಿಮ್ಮ ಪರದೆ 144 ಹರ್ಟ್ಜ್. 144ನ್ನು 3ರಿಂದ ಭಾಗಿಸಿದರೆ 48. ಒಂದೊಂದು ಚಿತ್ರವೂ ಪರದೆಯ ಮೇಲೆ ಸರಿಯಾಗಿ ಮೂರು ಸುತ್ತು ನಿಲ್ಲುತ್ತದೆ, ಹಾಗಾಗಿ 40ಕ್ಕೂ 60ಕ್ಕೂ ನಡುವೆ ಏರಿಳಿಯುವುದಕ್ಕಿಂತ ಇದು ಕಣ್ಣಿಗೆ ಎಷ್ಟೋ ಹಿತ. ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿಯೇ ಆಡಿ, ಬ್ಯಾಟರಿಯಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಪೂರ್ತಿ ಕರೆಂಟು ಸಿಗುವುದಿಲ್ಲ.

ಒಂದನ್ನು ಮಾತ್ರ ದಯವಿಟ್ಟು ಇಳಿಸಬೇಡಿ: ದೂರದ್ದು ಎಷ್ಟು ಕಾಣಬೇಕು ಎಂಬ ಸೆಟ್ಟಿಂಗನ್ನು ಪೂರ್ತಿ ತಳಕ್ಕೆ. ರೆಸಲ್ಯೂಷನ್ನನ್ನೂ ತೀರಾ ಇಳಿಸಬೇಡಿ. ಲ್ಯಾಗ್ ಹೋಗಲಿ ಅಂತ ಎಲ್ಲವನ್ನೂ ಲೋ ಮಾಡುವವರು ಇಲ್ಲಿ ಎಡವುತ್ತಾರೆ. ದೂರದ ಗೋಪುರ ಕಾಣದಿದ್ದರೆ, ಬೆಟ್ಟದ ಮೇಲಿನ ಕೋಟೆ ಮಸುಕಾಗಿ ಬಣ್ಣದ ಮುದ್ದೆಯಾದರೆ, ನೀವು ಯಾವುದನ್ನು ಗುರುತಿಟ್ಟುಕೊಂಡು ನಡೆಯುತ್ತೀರಿ? ಕಣ್ಣು ತಾನಾಗಿಯೇ ಮಿನಿಮ್ಯಾಪಿಗೆ ಹೋಗುತ್ತದೆ. ನೀವು ಅಭ್ಯಾಸಬಲ ಅಂದುಕೊಂಡದ್ದು ಎಷ್ಟೋ ಸಲ ಸೆಟ್ಟಿಂಗ್ ತಪ್ಪು.

ಅಂದರೆ ದೂರದ್ದೆಲ್ಲಾ ಕಾಣಲೇಬೇಕು ಅಂತಲ್ಲ. 2004ರ ಜಿಟಿಎ ಸ್ಯಾನ್ ಆಂಡ್ರಿಯಾಸ್ ನೆನಪಿಸಿಕೊಳ್ಳಿ. ಪಿಎಸ್ 2ರಲ್ಲಿ ಇದ್ದ ಮುಖ್ಯ ಮೆಮೊರಿ 32 ಎಂಬಿ. ದೂರದ್ದು ಬಿಡಿಸಲು ಆಗದು ಅಂತ ಮಂಜು ಮುಚ್ಚಿದರು. ಆ ಮಂಜಿನಿಂದಲೇ ಆ ರಾಜ್ಯ ಅಷ್ಟು ದೊಡ್ಡದು ಅನ್ನಿಸುತ್ತಿತ್ತು. ಒಂದು ಪಟ್ಟಣದಿಂದ ಇನ್ನೊಂದಕ್ಕೆ ಹೋಗುವುದು ಪ್ರಯಾಣ ಅನ್ನಿಸುತ್ತಿತ್ತು. 2021ರ ನವೆಂಬರಿನಲ್ಲಿ ಹೊಸ ರೂಪದಲ್ಲಿ ಬಿಡುಗಡೆ ಮಾಡಿದಾಗ ಆ ಮಂಜು ತೆಗೆದರು. ಬೆಟ್ಟ ಹತ್ತಿ ನಿಂತರೆ ಈ ತುದಿಯಿಂದ ಆ ತುದಿಯವರೆಗೆ ಕಂಡು, ಇಷ್ಟೇನಾ ಅನ್ನಿಸಿಬಿಟ್ಟಿತು. ಹಳೆಯದರಲ್ಲಿ ಯಂತ್ರದ ಬಡತನವನ್ನು ಜಗತ್ತಿನ ಗುಣವಾಗಿ ಮಾಡಿಕೊಂಡಿದ್ದರು. ತಾಂತ್ರಿಕ ಮಿತಿ ಬೇರೆ, ತಾಂತ್ರಿಕ ದೋಷ ಬೇರೆ. ಮಿತಿಯೊಳಗೆ ಒಳ್ಳೆಯ ಊರು ಕಟ್ಟಬಹುದು, ದೋಷದೊಳಗೆ ಆಗದು. ಸೈಬರ್‌ಪಂಕ್ 2077 2020ರ ಡಿಸೆಂಬರಿನಲ್ಲಿ ಹಳೆಯ ಕನ್ಸೋಲುಗಳಲ್ಲಿ ಯಾವ ಸ್ಥಿತಿಯಲ್ಲಿತ್ತು ಅಂದರೆ, ಸೋನಿ ಅದನ್ನು ತನ್ನ ಅಂಗಡಿಯಿಂದಲೇ ತೆಗೆದುಹಾಕಿತು, ಮತ್ತೆ ಬಂದದ್ದು ಮುಂದಿನ ಜೂನ್‌ನಲ್ಲಿ. ಅದೇ ಗೇಮಿನಲ್ಲಿ ಇನ್ನೊಂದು ಸಣ್ಣ ವಿಷಯ ಇತ್ತು, ನನಗೆ ಅದು ಸಣ್ಣದು ಅನ್ನಿಸಲೇ ಇಲ್ಲ. ಕಾರು ಓಡಿಸುವಾಗ ಮಿನಿಮ್ಯಾಪ್ ತೀರಾ ಹತ್ತಿರದಿಂದ ತೋರಿಸುತ್ತಿತ್ತು, ತಿರುವು ಕಾಣುವ ಹೊತ್ತಿಗೆ ಕಾರು ದಾಟಿ ಹೋಗಿರುತ್ತಿತ್ತು. ಆಡುವವರು ನಗರ ಬಿಟ್ಟು ಆ ಚೌಕವನ್ನೇ ದಿಟ್ಟಿಸಬೇಕಾಗಿತ್ತು. ಆಮೇಲೆ ಪ್ಯಾಚ್ ಕೊಟ್ಟು ವೇಗಕ್ಕೆ ತಕ್ಕಂತೆ ದೂರ ಕಾಣುವ ಹಾಗೆ ಮಾಡಿದರು. ಮ್ಯಾಪೂ ಒಂದು ತಾಂತ್ರಿಕ ವಸ್ತುವೇ, ಅದೂ ಕೆಡುತ್ತದೆ.

ಸರಿ, ಲ್ಯಾಗ್ ನಿಂತಿತು ಅಂತ ಇಟ್ಟುಕೊಳ್ಳೋಣ. ಈಗ ಮಿನಿಮ್ಯಾಪ್ ಆಫ್ ಮಾಡಬೇಕಾ?

ಆಫ್ ಮಾಡಿದಾಗ ದಾರಿ ತಪ್ಪಿದ್ದು ನಿಮ್ಮ ತಪ್ಪಲ್ಲ. ನಮ್ಮೂರ ಕಡೆ ಯಾರನ್ನಾದರೂ ದಾರಿ ಕೇಳಿದರೆ ಏನು ಹೇಳುತ್ತಾರೆ? "ಹಿಂಗೇ ಸೀದಾ ಹೋಗಿ, ಅರಳೀಕಟ್ಟೆ ಸಿಗುತ್ತೆ, ಅಲ್ಲಿ ಎಡಕ್ಕೆ ತಿರುಗಿ, ಮುಂದೆ ಒಂದು ಹಿಟ್ಟಿನ ಗಿರಣಿ, ಅದರ ಪಕ್ಕದ ಓಣಿ." ದಾರಿ ಹೇಳುವುದು ಅಂದರೆ ಇದು. 2002ರ ಮಾರೋವಿಂಡ್ ಗೇಮ್ ಹೀಗೇ ಇತ್ತು. ಕೆಲಸ ಕೊಡುವವನು ಯಾವ ಬಾಗಿಲಿಂದ ಹೊರಡಬೇಕು, ಯಾವ ಸೇತುವೆ ದಾಟಬೇಕು ಅಂತ ಹೇಳುತ್ತಿದ್ದ, ಅದು ನಿಮ್ಮ ಡೈರಿಯಲ್ಲಿ ಬರಹವಾಗಿ ಸೇರುತ್ತಿತ್ತು. ಕೆಲವು ಕಡೆ ಅರ್ಥವಾಗದೆ ಅಲೆಯಬೇಕಾಗುತ್ತಿತ್ತು, ಅದೂ ನಿಜ. ಅದೇ ಕಂಪನಿಯ ಮುಂದಿನ ಗೇಮು, 2006ರ ಆಬ್ಲಿವಿಯನ್, ದಿಕ್ಸೂಚಿಯ ಮೇಲೆ ಬಾಣ ತಂದಿತು. ಮಾತೆಲ್ಲಾ ಧ್ವನಿಯಲ್ಲಿ ರೆಕಾರ್ಡ್ ಆಯಿತು, ಉದ್ದುದ್ದ ದಾರಿ ವಿವರಣೆ ಕಮ್ಮಿಯಾಯಿತು. ಬಾಣ ಇದೆಯಲ್ಲ, ಮಾತು ಯಾಕೆ? ಅಲ್ಲಿಂದ ಮುಂದೆ ಬಂದ ಬಹಳಷ್ಟು ಗೇಮುಗಳು ಬಾಣವನ್ನೇ ನಂಬಿಕೊಂಡು ಬರೆಯಲ್ಪಟ್ಟವು. ಅಂಥವುಗಳಲ್ಲಿ ಬಾಣ ಆಫ್ ಮಾಡಿದರೆ, ದಾರಿ ಹೇಳುವ ಬಾಯಿಯನ್ನೇ ಮುಚ್ಚಿದ ಹಾಗೆ.

ಹಾಗಾಗಿ ನಾನು ಹೊಸ ಗೇಮ್ ಶುರು ಮಾಡಿದಾಗ ಒಂದು ಪರೀಕ್ಷೆ ಮಾಡುತ್ತೇನೆ. ಗೇಮ್ ಕೊಡುವ ಒಂದು ಸಣ್ಣ ಕೆಲಸ, ಅಂದರೆ ಕ್ವೆಸ್ಟ್, ತೆಗೆದುಕೊಂಡು, ಗುರಿ ತೋರಿಸುವ ಗುರುತು, ಅಂದರೆ ಮಾರ್ಕರ್, ಆಫ್ ಮಾಡಿ, ಗೇಮ್ ಬೇರೆ ಯಾವ ರೀತಿಯಲ್ಲಾದರೂ ದಾರಿ ಹೇಳುತ್ತದೆಯೇ ಅಂತ ನೋಡುತ್ತೇನೆ. ಹೇಳಿದರೆ ಆಫ್ ಇಡುತ್ತೇನೆ. ಹೇಳದಿದ್ದರೆ ಹಟ ಮಾಡುವುದಿಲ್ಲ.

ಚೆನ್ನಾಗಿ ಹೇಳುವವು ಇವೆ. 2020ರ ಘೋಸ್ಟ್ ಆಫ್ ಸುಷಿಮಾದಲ್ಲಿ ಗಾಳಿ ದಾರಿ ತೋರಿಸುತ್ತದೆ. ಟಚ್‌ಪ್ಯಾಡ್ ಮೇಲೆ ಬೆರಳು ಮೇಲಕ್ಕೆ ಸವರಿದರೆ ಗಾಳಿ ಬೀಸಿ, ಹುಲ್ಲು, ಎಲೆಗಳೆಲ್ಲಾ ನೀವು ಹೋಗಬೇಕಾದ ಕಡೆಗೆ ಬಾಗುತ್ತವೆ. ದಾರಿ ತಿಳಿಯಲು ನೋಡಬೇಕಾದದ್ದೂ ಹುಲ್ಲನ್ನೇ, ಆನಂದಪಡಬೇಕಾದದ್ದೂ ಅದೇ ಹುಲ್ಲನ್ನು. ಇದಕ್ಕಿಂತ ಸುಂದರವಾದ ಉಪಾಯ ನಾನು ನೋಡಿಲ್ಲ. ಬ್ರೆತ್ ಆಫ್ ದ ವೈಲ್ಡ್‌ನಲ್ಲಿ ಗೋಪುರ ಹತ್ತಿದರೆ ನೆಲದ ನಕ್ಷೆ ಸಿಗುತ್ತದೆ, ಆದರೆ ಏನು ಎಲ್ಲಿದೆ ಅಂತ ಗುರುತು ಬೀಳುವುದಿಲ್ಲ. ನೀವೇ ಸುತ್ತ ನೋಡಿ, ಕುತೂಹಲ ಹುಟ್ಟಿಸಿದ ಕಡೆ ಪಿನ್ ಚುಚ್ಚಬೇಕು. ಬೆಟ್ಟಗಳನ್ನು ತ್ರಿಕೋನದ ಆಕಾರದಲ್ಲಿ ಇಟ್ಟು, ಹತ್ತಿದಂತೆ ಹಿಂದಿನದು ಸ್ವಲ್ಪ ಸ್ವಲ್ಪವೇ ಕಾಣುವ ಹಾಗೆ ಮಾಡಿದ್ದನ್ನು ಅದನ್ನು ರೂಪಿಸಿದವರೇ 2017ರಲ್ಲಿ ಜಪಾನಿನ ಸೆಡೆಕ್ ಸಮ್ಮೇಳನದಲ್ಲಿ ವಿವರಿಸಿದ್ದರು. ಎಲ್ಡನ್ ರಿಂಗ್‌ನಲ್ಲಿ ವಿಶ್ರಮಿಸುವ ಜಾಗಗಳಿಂದ ಒಂದು ಬಂಗಾರದ ಎಳೆ ಮುಂದಿನ ದಿಕ್ಕಿಗೆ ಹಾಯುತ್ತದೆ, ಅಷ್ಟೇ. 2018ರ ಅಸಾಸಿನ್ಸ್ ಕ್ರೀಡ್ ಒಡಿಸ್ಸಿ ಶುರುವಿನಲ್ಲೇ ಕೇಳುತ್ತದೆ: ಮಾರ್ಕರ್ ಬೇಕಾ, ಇಲ್ಲಾ ಇಂಥ ಪ್ರಾಂತ್ಯದ ಇಂಥ ಜಾಗದ ಹತ್ತಿರ ಅಂತ ಸುಳಿವು ಸಾಕಾ ಅಂತ. ರೆಡ್ ಡೆಡ್ ರಿಡೆಂಪ್ಷನ್ 2ರಲ್ಲಿ ಮಿನಿಮ್ಯಾಪ್ ಬದಲು ಬರೀ ದಿಕ್ಸೂಚಿ ಇಟ್ಟುಕೊಳ್ಳಬಹುದು, ಆಡುತ್ತಿರುವಾಗಲೇ ಬಟನ್ನಿನಿಂದ ಬದಲಿಸಬಹುದು. ನಾನು ಆ ಗೇಮನ್ನು ಮುಗಿಸಿದ್ದು ದಿಕ್ಸೂಚಿಯಲ್ಲೇ, ಪಟ್ಟಣದೊಳಗೆ ಮಾತ್ರ ಮ್ಯಾಪ್.

ನಿಮ್ಮ ವಿಚರ್ 3 ದಾರಿ ಹೇಳುವ ಗೇಮುಗಳಿಗೂ ಹೇಳದವಕ್ಕೂ ನಡುವೆ ನಿಲ್ಲುತ್ತದೆ. ಅದರ ಜಗತ್ತು ದಾರಿ ಹೇಳುವ ಹಾಗೆ ಕಟ್ಟಿದ್ದು, ಅದರ ಮಾತುಗಳು ಮಾರ್ಕರ್ ಇದೆ ಅಂತ ನಂಬಿ ಬರೆದದ್ದು. ನೋವಿಗ್ರಾಡಿನ ಟೆಂಪಲ್ ಐಲ್ ಮೇಲೆ ಉರಿಯುವ ಬೆಂಕಿ, ವೆಲೆನ್ ಸೀಮೆಯಲ್ಲಿ ದಿಬ್ಬದ ಮೇಲಿನ ಕ್ರೋಸ್ ಪರ್ಚ್ ಕೋಟೆ, ಮುಂದೆ ಟೂಸೆಂಟ್ ಸೀಮೆಗೆ ಹೋದಾಗ ಕಾಣುವ ಬೊಕ್ಲೇರ್ ಅರಮನೆ, ಇವೆಲ್ಲಾ ನಿಜವಾದ ಹೆಗ್ಗುರುತುಗಳು. ಆದರೆ ಕಾಣೆಯಾದವನನ್ನು ಹುಡುಕು ಅಂತ ಹೇಳುವ ರೈತ ಎಷ್ಟೋ ಸಲ ಎಲ್ಲಿ ಅಂತ ಹೇಳುವುದೇ ಇಲ್ಲ. ಹಾಗಾಗಿ ಪೂರ್ತಿ ಆಫ್ ಮಾಡಬೇಡಿ. 2022ರ ಅಪ್‌ಡೇಟಿನಲ್ಲೇ ಒಂದು ಒಳ್ಳೆಯ ಆಯ್ಕೆ ಬಂದಿದೆ: ಹೊಡೆದಾಟ ಇಲ್ಲದಾಗ ಮಿನಿಮ್ಯಾಪ್ ಮಾಯವಾಗುತ್ತದೆ, ಸುತ್ತಲಿನ ಸುಳಿವುಗಳನ್ನು ಎದ್ದು ಕಾಣಿಸುವ ವಿಚರ್ ಸೆನ್ಸ್ ಬಟನ್ ಒತ್ತಿ ಹಿಡಿದಾಗ ಮಾತ್ರ ಕಾಣುತ್ತದೆ. ಅದನ್ನು ಆನ್ ಮಾಡಿ. ಇದು ಊರಲ್ಲಿ ಯಾರನ್ನೋ ನಿಲ್ಲಿಸಿ ದಾರಿ ಕೇಳಿ, ಮತ್ತೆ ಮುಂದೆ ನಡೆದ ಹಾಗೆ. ಸದಾ ಮೂಲೆಯಲ್ಲಿ ಕೂತು ಕರೆಯುವ ಚೌಕಕ್ಕೂ, ಬೇಕೆಂದಾಗ ಕೇಳುವ ದಾರಿಗೂ ಬಹಳ ವ್ಯತ್ಯಾಸ ಇದೆ. ಹೊರಡುವ ಮೊದಲು ದೊಡ್ಡ ಮ್ಯಾಪ್ ತೆರೆದು, ನದಿ ಯಾವ ಕಡೆಗೆ ಇರುತ್ತದೆ, ಎಷ್ಟು ಕವಲು ದಾಟಬೇಕು ಅಂತ ನೋಡಿಕೊಳ್ಳಿ. ರಸ್ತೆಯ ಮೇಲೆ ಕುದುರೆ ಓಟದ ಬಟನ್ ಒತ್ತಿ ಹಿಡಿದರೆ ನಿಮ್ಮ ಕುದುರೆ ರೋಚ್ ತಾನೇ ರಸ್ತೆ ಹಿಡಿದು ಹೋಗುತ್ತದೆ. ಆಗ ನಿಮ್ಮ ಕಣ್ಣು ಬಿಡುವಾಗಿರುತ್ತದೆ, ಸುಮ್ನೆ ಸುತ್ತ ನೋಡಿ.

ಮಾರ್ಕರ್ ಇಟ್ಟುಕೊಂಡು ಆಡುವವರನ್ನು ಕೀಳಾಗಿ ನೋಡುವ ಮಾತು ಅಲ್ಲಲ್ಲಿ ಕೇಳುತ್ತೇನೆ, ನನಗೆ ಅದು ಸರಿ ಕಾಣುವುದಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್ ಸೆಂಟರಿನಲ್ಲಿ ಸ್ಯಾನ್ ಆಂಡ್ರಿಯಾಸ್ ಆಡುತ್ತಿದ್ದೆವು. ಗಂಟೆಗೆ ಹದಿನೈದು ರೂಪಾಯಿ. ಕನ್ನಡ ಮೀಡಿಯಂ ಹುಡುಗರು, ಗೇಮಿನವರು ಆಡುವ ಇಂಗ್ಲಿಷ್ ನಮಗೆ ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ಮಾತು ಮುಗಿದ ಮೇಲೆ ಮೂಲೆಯ ದುಂಡನೆಯ ರೇಡಾರಿನಲ್ಲಿ ಚುಕ್ಕೆ ಮೂಡುತ್ತಿತ್ತು, ಅದು ಅರ್ಥವಾಗುತ್ತಿತ್ತು. ಆ ಗೇಮು ನಮ್ಮ ಜೊತೆ ಆಡಿದ ಒಂದೇ ಭಾಷೆ ಆ ಚುಕ್ಕೆ. ಅದು ಇಲ್ಲದಿದ್ದರೆ ನಾವು ಮೊದಲ ಓಣಿಯಿಂದಲೇ ಆಚೆ ಹೋಗುತ್ತಿರಲಿಲ್ಲ, ನಾನು ಈ ಕೆಲಸಕ್ಕೆ ಬರುತ್ತಲೂ ಇರಲಿಲ್ಲ. ಇವತ್ತಿಗೂ ವಿಚರ್ 3ರಲ್ಲಿ ಕನ್ನಡ ಸಬ್‌ಟೈಟಲ್ ಇಲ್ಲ. ಡೈರಿ ಓದಿ ದಾರಿ ಹುಡುಕು ಅನ್ನುವ ಗೇಮು, ಇಂಗ್ಲಿಷನ್ನು ನಿಧಾನವಾಗಿ ಓದುವವರಿಗೆ ಬಾಗಿಲು ಅರ್ಧ ಮುಚ್ಚುತ್ತದೆ. ಕಣ್ಣು ಮಂಜಾದವರಿಗೆ, ದಿಕ್ಕು ನೆನಪಿಟ್ಟುಕೊಳ್ಳಲು ಕಷ್ಟವಾಗುವವರಿಗೆ, ಮಗು ಮಲಗಿದ ಮೇಲೆ ನಲವತ್ತು ನಿಮಿಷ ಮಾತ್ರ ಸಿಗುವವರಿಗೆ ಬಾಣ ಬೇಕೇ ಬೇಕು. ಆಯ್ಕೆ ಕೊಡುವ ಗೇಮ್ ಒಳ್ಳೆಯ ಗೇಮ್.

ಫಾಸ್ಟ್ ಟ್ರಾವೆಲ್ ಬಗ್ಗೆ ಕೂಡ ಹಾಗೇ, ಪೂರ್ತಿ ಬಿಡಬೇಕಿಲ್ಲ. ಒಂದು ದಾರಿಯಲ್ಲಿ ಮೊದಲ ಸಲ ಹೋಗುವಾಗ ಕುದುರೆ, ಆಮೇಲೆ ಬೇಕಾದರೆ ಹಾರಿ. ಆ ಗೇಮಿನಲ್ಲಿ ನೆಲದ ಮೇಲಿದ್ದಾಗ ಕೈಮರದ ಹತ್ತಿರ ಹೋದರೆ ಮಾತ್ರ ಫಾಸ್ಟ್ ಟ್ರಾವೆಲ್ ಆಗುತ್ತದೆ, ಹಾಗಾಗಿ ಸ್ವಲ್ಪವಾದರೂ ನಡೆಯಲೇಬೇಕು. ಅದೊಂದು ಒಳ್ಳೆಯ ಕಟ್ಟು.

ಮೊದಲು ಡೈರೆಕ್ಟ್‌ಎಕ್ಸ್ 11 ಮತ್ತು 48ರ ಮಿತಿ ಹಾಕಿ ನೋವಿಗ್ರಾಡ್ ಸಂತೆಯಲ್ಲಿ ಒಂದು ಸುತ್ತು ಬನ್ನಿ. ರ‍್ಯಾಮ್ ಖರ್ಚು ಅದಾದ ಮೇಲೆ ಯೋಚಿಸಿ. ಇನ್ನೊಂದು ವಿಷಯ. ಮುಂದೆ ನೀವು ಸ್ಕೆಲಿಗೆ ದ್ವೀಪಗಳಿಗೆ ಹೋಗುತ್ತೀರಿ. ಅಲ್ಲಿ ಸಮುದ್ರದ ತುಂಬಾ ಪ್ರಶ್ನಾರ್ಥಕ ಚಿಹ್ನೆಗಳು. ಹೆಚ್ಚಿನವು ಕಳ್ಳಸಾಗಣೆಯವರು ಬಿಟ್ಟುಹೋದ ಪೆಟ್ಟಿಗೆಗಳು, ಒಂದರ ಹಾಗೇ ಇನ್ನೊಂದು. ಹೊಸ ಅಪ್‌ಡೇಟಿನ ಮ್ಯಾಪ್ ಫಿಲ್ಟರ್ ಅವನ್ನು ತಾನಾಗಿ ಮರೆಮಾಡುತ್ತದೆ. ಯಾರೋ ಹೇಳಿದರು ಅಂತ ಆ ಫಿಲ್ಟರ್ ತೆಗೆಯಬೇಡಿ. ದೋಣಿ ಬಿಟ್ಟು ಬೆಟ್ಟ ಹತ್ತಿ.